ಇಪ್ಪತ್ತೇಳಕ್ಕೆ ಬಂದವಳು

ಒಟಾರಾ, ಆಕ್ಲೆಂಡ್
18 ಜನವರಿ 1987

ಪ್ರೀತಿಯ ಅಪ್ಪನಿಗೆ,

ನಾವು ಮೂವರೂ ಕ್ಷೇಮವಾಗಿ ಬಂದು ಸೇರಿದೆವು. ನೀವು ಕಟ್ಟಿಕೊಟ್ಟ ಕೆಸುವಿನ ಗೆಡ್ಡೆಗಳನ್ನು ವಿಮಾನ ನಿಲ್ದಾಣದವರು ಬಿಚ್ಚಿ ನೋಡಿದರು. ಮಣ್ಣು ಅಂಟಿದೆಯೆಂದು ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಬೀದಿಯಲ್ಲಿರುವ ನಮ್ಮವರಿಗೆಲ್ಲ ಹಂಚಿದೆ. ರೂತಾ ನೇಯ್ದುಕೊಟ್ಟ ಚಾಪೆಯನ್ನು ಹೆಲೆನ್ ತನ್ನ ಮಂಚದ ಮೇಲೆ ಹಾಸಿಕೊಂಡಿದ್ದಾಳೆ. ನೆಲಕ್ಕೆ ಹಾಸಲು ಬಿಡುವುದಿಲ್ಲ.

ಹನ್ನೊಂದು ವರ್ಷದ ಮೇಲೆ ಬಂದು ಐದೇ ದಿನ ನಿಮ್ಮೊಡನೆ ಇರಲು ಆದದ್ದಕ್ಕೆ ಬೇಸರವಿದೆ. ಕ್ರಿಸ್‌ಮಸ್ ಕಳೆಯುವ ತನಕ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ ಎಂದು ಹೇಳಿದ್ದೆನಲ್ಲ. ವಾರ್ಡು ಒರೆಸುವವರಲ್ಲಿ ಅರ್ಧ ಜನ ಆಗಲೇ ರಜೆ ಹಾಕಿದ್ದರು. ಇಪ್ಪತ್ತೇಳರ ಬೆಳಗಿನ ವಿಮಾನ ಸಿಕ್ಕಿದ್ದೇ ಹೆಚ್ಚು. ಆ ವಾರ ಇಲ್ಲಿಯೂ ಬಿಸಿಲು ಜೋರಾಗಿತ್ತು. ಗ್ರೇಮ್ ಯಾರದೋ ಮನೆಯ ಮಾಡಿನ ಮೇಲೆ ಕೊಳಾಯಿ ಕೆಲಸ ಮಾಡುತ್ತ ಮುಖ ಸುಟ್ಟುಕೊಂಡಿದ್ದ. ನೀವು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಹಡಗುಕಟ್ಟೆಯಲ್ಲಿ ನೀವೆಲ್ಲ ಹೂವಿನ ಹಾರ ಹಿಡಿದು ನಿಂತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಚರ್ಚಿನ ಗಾಯನ ತಂಡದವರೆಲ್ಲ ಅಷ್ಟು ದೂರ ಬರುವ ಅಗತ್ಯವಿರಲಿಲ್ಲ.

ಅಮ್ಮನ ಗೋರಿಗೆ ಸುಣ್ಣ ಹೊಡೆಸಿದ್ದೀರಿ. ಚೆನ್ನಾಗಿದೆ. ಮುಂದಿನ ಸಲ ಹೆಚ್ಚು ದಿನ ಇರುತ್ತೇವೆ.

ನಿಮ್ಮ ಮಗಳು,
ಪೆಲೆನಿಸೆ


ಫಾಲೆಮೂಆ, ಸವಾಯಿ ದ್ವೀಪ
8 ಫೆಬ್ರವರಿ 1987

ಮಗಳು ಪೆಲೆನಿಸೆಗೆ,

ನಿನ್ನ ಕಾಗದ ಸೋಮವಾರದ ಹಡಗಿನಲ್ಲಿ ಬಂತು. ಇಲ್ಲಿ ದೇವರು ನಮ್ಮನ್ನು ಚೆನ್ನಾಗಿ ಇಟ್ಟಿದ್ದಾನೆ. ಮಳೆ ಹಿಡಿದುಕೊಂಡಿದೆ. ದೀವಿಹಲಸಿನ ಕೊಂಬೆಯೊಂದು ಅಡುಗೆಮನೆಯ ಮೇಲೆ ಬಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಹಂದಿ ಎಂಟು ಮರಿ ಹಾಕಿದೆ.

ಕ್ರಿಸ್‌ಮಸ್ಸಿನ ದಿನವೂ ನಿನ್ನಿಂದ ಆಸ್ಪತ್ರೆಯ ನೆಲ ಒರೆಸಿಸಿದ್ದನ್ನು ಓದಿ ನಿನ್ನ ಬೆನ್ನಿನ ಚಿಂತೆಯಾಯಿತು. ಬಗ್ಗಿ ಒರೆಸಬೇಡ. ಉದ್ದ ಕೋಲಿನದನ್ನು ಕೇಳಿ ತೆಗೆದುಕೋ.

ಗಾಯನ ತಂಡವನ್ನು ಈಗ ಶಾಲೆಯ ಮೇಷ್ಟ್ರು ನಡೆಸುತ್ತಿದ್ದಾರೆ. ನನಗೆ ಗಂಟಲು ಸರಿಯಿಲ್ಲ. ಚರ್ಚಿನ ಸಭೆಯ ಹಿರಿಯನ ಕೆಲಸವನ್ನೂ ಬಿಟ್ಟಿದ್ದೇನೆ. ವಯಸ್ಸಾಯಿತು. ಇದನ್ನು ದೊಡ್ಡದು ಮಾಡಬೇಡ.

ಹೆಲೆನ್‌ಗೆ ಅಜ್ಜನ ಮುತ್ತು.

ನಿನ್ನ ತಂದೆ,
ಎನೋಕಾ


ಒಟಾರಾ
26 ಫೆಬ್ರವರಿ 1987

ರೂತಾ,

ಅಪ್ಪನ ಗಂಟಲಿಗೆ ಏನಾಗಿದೆ? ಡಾಕ್ಟರಿಗೆ ತೋರಿಸಿದಿರಾ? ಇಪ್ಪತ್ತೆರಡು ವರ್ಷದಿಂದ ಸಭೆಯ ಹಿರಿಯರಾಗಿದ್ದವರು, ನಾನು ಹುಟ್ಟುವ ಮೊದಲೇ ತಂಡಕ್ಕೆ ಹಾಡು ಕಲಿಸುತ್ತಿದ್ದವರು, ಎರಡನ್ನೂ ಒಂದೇ ತಿಂಗಳಲ್ಲಿ ಬಿಟ್ಟಿದ್ದಾರೆಂದರೆ ಏನೋ ದೊಡ್ಡದೇ ಇರಬೇಕು. ನನಗೆ ಮಾತ್ರ ಹಂದಿ ಮರಿ ಹಾಕಿದ ಸುದ್ದಿ ಬರೆಯುತ್ತಾರೆ. ನೀನು ಮನೆಯಲ್ಲೇ ಇದ್ದೀಯ. ನೀನಾದರೂ ಒಂದು ಸಾಲು ಬರೆಯಬಾರದೇ?

ಏನಿದ್ದರೂ ಮುಚ್ಚಿಡದೆ ತಿಳಿಸು.

ನಿನ್ನ ಅಕ್ಕ,
ಪೆಲೆನಿಸೆ


ಫಾಲೆಮೂಆ
22 ಮಾರ್ಚ್ 1987

ಅಕ್ಕ,

ಅಪ್ಪನ ಗಂಟಲಿಗೆ ಏನೂ ಆಗಿಲ್ಲ. ಬೆಳಿಗ್ಗೆ ಎದ್ದು ಹಂದಿಗಳನ್ನು ಕರೆಯುವುದು ಪಕ್ಕದೂರಿಗೂ ಕೇಳಿಸುತ್ತದೆ.

ಮುಚ್ಚಿಡದೆ ತಿಳಿಸು ಎಂದು ನೀನು ನನಗೆ ಬರೆದಿದ್ದೀಯ. ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ಸುಮ್ಮನಿರಬೇಕೆಂದು ಅಪ್ಪ ನಮ್ಮೆಲ್ಲರ ಬಾಯಿಗೆ ಬೀಗ ಹಾಕಿದ್ದಾರೆ. ನಾನು ಇವತ್ತು ಆ ಬೀಗ ತೆಗೆಯುತ್ತಿದ್ದೇನೆ. ಆಮೇಲೆ ನನ್ನನ್ನು ಬೈಯಬೇಡ.

ಪಾದ್ರಿಯವರ ಹೆಂಡತಿಯ ಸಂಬಂಧಿಕನೊಬ್ಬ ವಿಮಾನ ಇಳಿಯುವ ಉಪೋಲು ದ್ವೀಪದ ಹೋಟೆಲೊಂದರಲ್ಲಿ ಮ್ಯಾನೇಜರು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅಲ್ಲಿ ಹಾಡಬೇಕಿದ್ದ ತಂಡದವರಿಗೆ ದಡಾರ ಬಂದು ಮಲಗಿಬಿಟ್ಟರು. ಎರಡು ದಿನ ಇರುವಾಗ ಅವನು ನಮ್ಮನ್ನು ಕರೆಸಿದ. ನಲವತ್ತು ಜನ ಹಡಗು ಹತ್ತಿ ಹೋದೆವು. ಗಂಡಸರು ಬಿಳಿ ಕೋಟು ಟೈ, ಹೆಂಗಸರು ಬಿಳಿ ಉಡುಪು, ಟೋಪಿ. ಅವನು ನಮ್ಮನ್ನು ನೋಡಿ ತಲೆ ಕೆರೆದುಕೊಂಡ.

"ಕೋಟು ಬೇಡ. ನಮ್ಮ ಅತಿಥಿಗಳು ವಿಮಾನ ಹತ್ತಿ ಬರೋದು ಕೋಟು ನೋಡೋಕಲ್ಲ. ಗಂಡಸರು ಮೈಗೆ ಎಣ್ಣೆ ಹಚ್ಕೊಳ್ಳಿ, ಸೊಂಟಕ್ಕೆ ಎಲೆ ಕಟ್ಕೊಳ್ಳಿ. ಕುತ್ತಿಗೆಗೂ ಒಂದಿಷ್ಟು."

ಮುದುಕಿ ತಿರೇಸಾ ಬಿಡುತ್ತಾಳೆಯೇ. "ಮಗಾ, ಯೇಸು ಹುಟ್ಟಿದ ಹಬ್ಬಕ್ಕೆ ಎಲೆ ಕಟ್ಕೊಂಡು ನಿಲ್ಲೋಕೆ ನಾವೇನು ಆಡುಗಳಾ? ಹಾಡೋದು ನೋಡ್ತಾರೋ, ನಾವು ಮೇಯೋದು ನೋಡ್ತಾರೋ?"

ಎಲ್ಲರೂ ಅಪ್ಪನ ಮುಖ ನೋಡಿದರು. "ಒಪ್ಕೊಂಡು ಬಂದಿದ್ದೀವಿ," ಎಂದರು ಅಪ್ಪ. ಮೊದಲು ಅವರೇ ಕೋಟು ಬಿಚ್ಚಿ ಮಡಿಸಿಟ್ಟರು.

ನಾವು ಅಂಗಳಕ್ಕೆ ಬರುವ ಹೊತ್ತಿಗೆ ಮೇಜುಗಳಲ್ಲಿ ಊಟ ಮುಗಿಯುತ್ತ ಬಂದಿತ್ತು. ಮೊದಲ ಕೀರ್ತನೆಯ ಮೊದಲ ಚರಣ ಹಾಡುವಾಗ ನಿನ್ನನ್ನು ನೋಡಿದ್ದು ತಿರೇಸಾ. ಅವಳ ಸ್ವರ ನಿಂತಿತು. ಆಮೇಲೆ ನಾನು ನೋಡಿದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಮೂರನೇ ಸಾಲಿನ ಮೇಜು, ನೀಲಿ ಉಡುಪು, ಕಿವಿಯ ಹಿಂದೆ ಹೂವು. ಅಪ್ಪ ನಮ್ಮ ಕಡೆ ಮುಖ ಮಾಡಿ ಕೈಯಾಡಿಸುತ್ತಿದ್ದರು, ಬೆನ್ನು ಮೇಜುಗಳ ಕಡೆಗಿತ್ತು. ನಮ್ಮ ಮುಖ ನೋಡಿ ಏನೋ ಆಗಿದೆಯೆಂದು ತಿರುಗಿದರು. ಹೆಲೆನ್ ಕುರ್ಚಿಯ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದಳು. ನೀನು ಅವಳನ್ನು ಎಳೆದು ಇಳಿಸಿದೆ. ಕಿವಿಯಲ್ಲಿ ಏನೋ ಹೇಳಿದೆ. ಎಬ್ಬಿಸಿಕೊಂಡು ಹೊರಟುಹೋದೆ.

ಅಪ್ಪ ನಮ್ಮ ಕಡೆ ತಿರುಗಿ "ಮೂರನೇ ಚರಣ" ಎಂದರು. ಎರಡನೆಯದನ್ನು ನಾವು ಹಾಡಿಯೇ ಇರಲಿಲ್ಲ.

ವಾಪಸು ಬರುವಾಗ ಲಾರಿಯಲ್ಲಿ, ಹಡಗುಕಟ್ಟೆ ಕಾಣುವ ಹೊತ್ತಿಗೆ ಅಪ್ಪ ಹೇಳಿದರು, "ಇಪ್ಪತ್ತೇಳನೇ ತಾರೀಕು ನನ್ನ ಮಗಳು ಆಕ್ಲೆಂಡಿನಿಂದ ಬರ್ತಾಳೆ. ಎಲ್ಲರೂ ಕಟ್ಟೆಗೆ ಬನ್ನಿ." ಬರ್ತೀವಿ ಎಂದೆವು. ಬಂದೆವು. ಹಾರ ಹಾಕಿದೆವು. ಬೆಳಿಗ್ಗೆಯಷ್ಟೇ ವಿಮಾನ ಇಳಿದ ಗ್ರೇಮ್ ಭಾವನ ಮೂಗಿನ ಚರ್ಮ ಸುಲಿದು ಹೊಸ ಚರ್ಮ ಬಂದಿತ್ತು. ಅದನ್ನೂ ನೋಡಿ ಸುಮ್ಮನಿದ್ದೆವು.

ಮಾರನೆಯ ದಿನ ಭಾನುವಾರ. ಹೊರಗಿನಿಂದ ಬಂದವರ ಹೆಸರು ಓದುವುದು ಅಪ್ಪನ ಕೆಲಸ. "ನನ್ನ ಮಗಳು ಪೆಲೆನಿಸೆ, ಅಳಿಯ, ಮೊಮ್ಮಗಳು, ನಿನ್ನೆ ಆಕ್ಲೆಂಡಿನಿಂದ ಬಂದಿದ್ದಾರೆ" ಎಂದು ಓದಿದರು. ನೀನು ಎದ್ದು ನಿಂತು ತಲೆಬಾಗಿಸಿದೆ.

ನೀವು ಹೋದ ವಾರವೇ ಅಪ್ಪ ಪಾದ್ರಿಯವರ ಮನೆಗೆ ಹೋದರು. ನಾನು ಜೊತೆಗಿದ್ದೆ. "ಸಭೆ ಮುಂದೆ ನಿಂತು ಸುಳ್ಳು ಹೇಳಿದೆ. ಹಿರಿಯ ಅಂತ ಕೂರೋಕೆ ನನಗೆ ಮುಖ ಇಲ್ಲ" ಎಂದರು. ಪಾದ್ರಿಯವರು "ಇದು ತೀರ ಸಣ್ಣದು, ಎನೋಕಾ" ಎಂದರು. "ಸಣ್ಣದು ಅಂದ್ಕೊಂಡೇ ಹೇಳಿದ್ದು" ಎಂದು ಅಪ್ಪ ಎದ್ದು ಬಂದರು.

ಈಗ ಅವರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಹಾಡುವಾಗ ಬಾಯಿ ಮಾತ್ರ ಆಡಿಸುತ್ತಾರೆ.

ಗಂಟಲಿನ ಸಮಾಚಾರ ಇಷ್ಟು.

ರೂತಾ


ಒಟಾರಾ
30 ಏಪ್ರಿಲ್ 1987

ರೂತಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಅದನ್ನು ಅಡುಗೆಮನೆಯ ಕಪಾಟಿನಲ್ಲಿ ತಟ್ಟೆಗಳ ಕೆಳಗೆ ಇಟ್ಟಿದ್ದೆ. ತಟ್ಟೆ ತೆಗೆಯುವಾಗಲೆಲ್ಲ ಕಾಣುತ್ತಿತ್ತು.

ಊರಿನಲ್ಲಿದ್ದ ಐದು ದಿನವೂ ನನಗೆ ಅನುಮಾನವಿತ್ತು. ಯಾರಿಗೂ ಗೊತ್ತಾಗಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕತ್ತಲಾಗುತ್ತಿತ್ತು, ದೀಪ ನಿಮ್ಮ ಕಣ್ಣಿಗೆ ಹೊಡೆಯುತ್ತಿತ್ತು, ನಾನು ದಪ್ಪಗಾಗಿದ್ದೇನೆ, ಹನ್ನೊಂದು ವರ್ಷದಲ್ಲಿ ಮುಖ ಬದಲಾಗಿದೆ, ಹೀಗೆ. ಹಾರ ಹಾಕುವಾಗ ತಿರೇಸಾ ನನ್ನ ಕೆನ್ನೆ ಸವರಿ "ಪ್ರಯಾಣ ಸುಸ್ತಾ ಮಗಳೇ?" ಎಂದು ಕೇಳಿದಳು. ಅವಳ ಧ್ವನಿಯಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು, ಅವಳು ಕೊಂಕಿಲ್ಲದೆ ಮಾತನಾಡಿದ್ದು ನಾನು ಯಾವತ್ತು ಕೇಳಿದ್ದೇನೆ?

ನಾವು ಬಂದದ್ದು ಇಪ್ಪತ್ತನೇ ತಾರೀಕು. "ಒಂದು ವಾರ ನಾವು ಮೂರೇ ಜನ ಇರೋಣ, ಆಮೇಲೆ ನಿಮ್ಮೂರಿಗೆ ಹೋಗೋಣ" ಎಂದದ್ದು ಗ್ರೇಮ್. ಅವನ ಮೇಲೆ ಹಾಕುವುದಿಲ್ಲ. ಊರಿಗೆ ತಿಳಿಸುವುದು ಬೇಡ ಎಂದವಳು ನಾನು. ಇಷ್ಟು ವರ್ಷ ಬೇರೆಯವರು ಚೆಲ್ಲಿದ್ದನ್ನು ಒರೆಸಿದ್ದೇನೆ. ಒಂದು ವಾರ ಯಾರಾದರೂ ತಟ್ಟೆ ತಂದು ನನ್ನ ಮುಂದೆ ಇಡಲಿ ಎಂದು ಆಸೆಯಾಯಿತು. ಊರಿಗೆ ಕಾಲಿಟ್ಟ ಗಳಿಗೆಯಿಂದ ನಾನು ಹಿರಿಮಗಳು, ನೂರು ಜನಕ್ಕೆ ಬಡಿಸುವವಳು.

ಇಷ್ಟೇ ಆಗಿದ್ದರೆ ಅಪ್ಪನಿಗೆ ನಿಜ ಹೇಳಬಹುದಿತ್ತು. ಅವರು ಬೇಡ ಎನ್ನುತ್ತಿರಲಿಲ್ಲ. ಮುಂದಿನದನ್ನು ನಾನು ಗ್ರೇಮ್‌ಗೆ ಕೂಡ ಊರಿಂದ ಹಿಂದಿರುಗುವಾಗ, ವಿಮಾನದಲ್ಲಷ್ಟೇ ಹೇಳಿದೆ. ಆ ಹೊತ್ತಿನಲ್ಲಿ ಅವನು ಮೇಜಿನಲ್ಲಿರಲಿಲ್ಲ, ಕುಡಿಯಲು ಏನೋ ತರಲು ಹೋಗಿದ್ದ.

ಪಕ್ಕದ ಮೇಜಿನಲ್ಲಿ ವೆಲಿಂಗ್ಟನ್ನಿನ ಹೆಂಗಸೊಬ್ಬಳು. ಮೂರು ದಿನದಿಂದ ಪರಿಚಯವಾಗಿದ್ದಳು. ನನ್ನ ಕೆಲಸ ಕೇಳಿದಾಗ ಆಸ್ಪತ್ರೆಯಲ್ಲಿ ಎಂದಿದ್ದೆ, ಅವಳು ನರ್ಸ್ ಎಂದುಕೊಂಡಳು, ನಾನು ಬಿಟ್ಟುಬಿಟ್ಟೆ. ನೀವು ಸಾಲಾಗಿ ಬಂದು ನಿಂತಾಗ ಅವಳು ನನ್ನ ಕಡೆ ಬಾಗಿ, "ನಿಮ್ಮ ಕಡೆಯವರಾ?" ಎಂದು ನಗುತ್ತ ಕೇಳಿದಳು.

"ಅಲ್ಲ" ಎಂದೆ. ಅಷ್ಟರಲ್ಲಿ ನಾನು ಅಪ್ಪನ ಬೆನ್ನನ್ನು ಗುರುತಿಸಿದ್ದೆ.

ಹೆಲೆನ್ ಕುರ್ಚಿ ಹತ್ತಿದಳು. "ಅಮ್ಮಾ, ಅದು ಅಜ್ಜ. ಗೋಡೆ ಮೇಲಿರೋ ಅಜ್ಜ." ನಮ್ಮ ಮನೆಯ ಗೋಡೆಯ ಫೋಟೋ ನೋಡಿಯೇ ಅವಳು ಗುರುತು ಹಿಡಿದಿದ್ದಳು.

"ಅಲ್ಲ ಪುಟ್ಟಾ. ಈ ಕಡೆ ಅಜ್ಜಂದಿರೆಲ್ಲ ಹಾಗೇ ಇರ್ತಾರೆ" ಎಂದೆ.

ಆ ಹೆಂಗಸಿಗೆ ಅದು ಕೇಳಿಸಿ ಅವಳು ನಕ್ಕಳು. ನಾನೂ ನಕ್ಕೆ ರೂತಾ.

ಇದನ್ನು ಬರೆದ ಮೇಲೆ ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ.

ಪೆಲೆನಿಸೆ


ಫಾಲೆಮೂಆ
17 ಮೇ 1987

ಅಕ್ಕ,

ಓದಿದೆ. ಎರಡು ಸಲ ಹರಿದುಹಾಕೋಣ ಎನ್ನಿಸಿತು. ಇಟ್ಟುಕೊಂಡಿದ್ದೇನೆ.

ಇದನ್ನು ನನಗೆ ಬರೆದು ಏನು ಮಾಡುತ್ತೀಯ? ನಾನು ತಂಗಿ. ನನ್ನ ಹತ್ತಿರ ಅತ್ತರೆ ನಿನಗೆ ಸುಲಭ. ಬರೆಯಬೇಕಾದವರಿಗೆ ಬರೆ. ನಾನು ನಿನಗೆ ಹೇಳಿಬಿಟ್ಟೆನೆಂದು ಅಪ್ಪನಿಗೆ ತಿಳಿಸಿದ್ದೇನೆ. ಅವರು ಕತ್ತಿ ತೆಗೆದುಕೊಂಡು ತೋಟಕ್ಕೆ ಹೋದರು.

ನರ್ಸಮ್ಮನಿಗೆ ನನ್ನ ನಮಸ್ಕಾರ.

ರೂತಾ


ಒಟಾರಾ
31 ಮೇ 1987

ಅಪ್ಪ,

ಜನವರಿಯಲ್ಲಿ ನಾನು ಬರೆದ ಕಾಗದದಲ್ಲಿ ಕೆಸುವಿನ ಗೆಡ್ಡೆಯ ಮಾತು ಮತ್ತು ಚಾಪೆಯ ಮಾತು ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ಆಸ್ಪತ್ರೆಯಲ್ಲಿ ರಜೆ ಕೇಳಿದ ದಿನವೇ ಕೊಟ್ಟಿದ್ದರು. ನಾನು ಇಪ್ಪತ್ತಕ್ಕೆ ಬಂದಿದ್ದೆ. ನಿಮ್ಮನ್ನು ನೋಡಿದೆ, ಗುರುತಿಸಿದೆ, ಗೊತ್ತಿಲ್ಲದವಳ ಹಾಗೆ ಎದ್ದು ಹೋದೆ. ನಿಮ್ಮ ಮೊಮ್ಮಗಳು ನಿಮ್ಮನ್ನು ಅಜ್ಜ ಎಂದು ಕರೆದಾಗ ಅಲ್ಲ ಎಂದೆ.

ನೀವು ಎಲ್ಲವನ್ನೂ ನೋಡಿಯೂ ಕಟ್ಟೆಗೆ ಬಂದು ಹಾರ ಹಾಕಿದಿರಿ. ನನಗೋಸ್ಕರ ಸಭೆಯಲ್ಲಿ ಸುಳ್ಳು ಹೇಳಿದಿರಿ. ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತೀರಿ ಎಂದು ರೂತಾ ಬರೆದಿದ್ದಾಳೆ.

ನಮ್ಮಲ್ಲಿ ಒಂದು ಮನೆತನಕ್ಕೆ ಅನ್ಯಾಯ ಮಾಡಿದವರು ಅವರ ಅಂಗಳದಲ್ಲಿ ತಲೆಯ ಮೇಲೆ ಚಾಪೆ ಹೊದ್ದು ಬಿಸಿಲಲ್ಲಿ ಕೂರುತ್ತಾರೆ, ಒಳಗಿನವರು ಬಂದು ಚಾಪೆ ಎತ್ತುವ ತನಕ. ನಾನು ಬಂದು ಹಾಗೆ ಕೂರುತ್ತೇನೆ. ಡಿಸೆಂಬರಿನಲ್ಲಿ ಬರುತ್ತೇನೆ. ಬರಬೇಡ ಎಂದರೆ ಬರುವುದಿಲ್ಲ.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತಿದೆ.

ಪೆಲೆನಿಸೆ


ಫಾಲೆಮೂಆ
19 ಜುಲೈ 1987

ಮಗಳು ಪೆಲೆನಿಸೆಗೆ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು.

ಚಾಪೆ ಹೊದ್ದು ಕೂರುವುದು ಬೇರೆ ಮನೆಯವರ ಮುಂದೆ. ತನ್ನ ಮನೆಯ ಮುಂದೆ ಯಾರೂ ಕೂರುವುದಿಲ್ಲ. ಊರು ನಗುತ್ತದೆ. ಸಭೆಯಲ್ಲೂ ಏನೂ ಹೇಳಬೇಡ.

ನೀನು ಹೋಟೆಲಿನಲ್ಲಿ ಇದ್ದದ್ದು ನನಗೆ ನೋವಲ್ಲ. ದುಡಿಯುವವರು ಒಂದು ವಾರ ಕೂತು ಉಣ್ಣಬೇಕು. ನನ್ನನ್ನು ಅಲ್ಲ ಎಂದದ್ದು ನೋವು. ಅದನ್ನು ನೋವಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಆದರೆ ರೂತಾ ನೋಡದ ಒಂದು ಸಂಗತಿ ಇದೆ. ಆ ಸಂಜೆ ನಾನು ಸೊಂಟಕ್ಕೆ ಎಲೆ ಸುತ್ತಿಕೊಂಡು, ಎದೆಗೆ ಎಣ್ಣೆ ಬಳಿದುಕೊಂಡು ನಿಂತಿದ್ದೆ. ಅರವತ್ತೇಳು ವರ್ಷದವನು. ನಾನು ತಿರುಗಿದಾಗ ಮಗು ಕೈ ಬೀಸುತ್ತಿದ್ದಳು. ಅವಳು ಹುಟ್ಟಿ ಎಂಟು ವರ್ಷ, ನನ್ನನ್ನು ಮೊದಲ ಸಲ ನೋಡುತ್ತಿದ್ದಳು, ಹೀಗೆ ನೋಡಬೇಕೇ ಎನ್ನಿಸಿತು. ನಾನು ಬೆನ್ನು ತಿರುಗಿಸಿದೆ. ನೀನು ಅವಳನ್ನು ಎಳೆದು ಇಳಿಸಿದ್ದು ಆಮೇಲೆ. ಮೊದಲು ತಿರುಗಿದವನು ನಾನು. ಇದನ್ನು ಪಾದ್ರಿಯವರಿಗೂ ಹೇಳಿಲ್ಲ.

ನನ್ನ ಜಾಗ ಬಿಟ್ಟದ್ದರಲ್ಲಿ ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ನನಗೂ ತಿಳಿಯದು.

ನನಗೆ ಬೇಕಾದದ್ದು ಒಂದೇ. ಮಗುವಿಗೆ ನಿಜ ಹೇಳು. ನನ್ನ ಬೆನ್ನಿನ ಮಾತನ್ನೂ ಸೇರಿಸಿ ಹೇಳು. ನನಗೆ ಅವಳ ಭಾಷೆ ಬರುವುದಿಲ್ಲ, ಬಂದಿದ್ದರೆ ನಾನೇ ಹೇಳುತ್ತಿದ್ದೆ.

ನಿನ್ನ ತಂದೆ,
ಎನೋಕಾ


ಒಟಾರಾ
16 ಆಗಸ್ಟ್ 1987

ಅಪ್ಪ,

ಹೇಳಿದೆ. ಕಳೆದ ಶನಿವಾರ ಇಬ್ಬರೂ ಬಟ್ಟೆ ಮಡಿಸುತ್ತಿದ್ದಾಗ ಹೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವಳು ಕೈಯಲ್ಲಿದ್ದ ಕಾಲುಚೀಲ ಹಿಡಿದುಕೊಂಡೇ ಕೇಳಿದಳು, "ಅವರು ನನ್ನ ನೋಡಿದ್ರಾ?"

"ನೋಡಿದ್ರು."

"ಕೈ ಯಾಕೆ ಬೀಸಲಿಲ್ಲ? ಅಜ್ಜ ಆಗಿದ್ರೆ ಬೀಸ್ತಿದ್ರು, ಬೀಸಲಿಲ್ಲ ಅಂದ್ಮೇಲೆ ಅಮ್ಮ ಹೇಳಿದ್ದೇ ನಿಜ ಅಂದ್ಕೊಂಡೆ."

"ಅವರಿಗೆ ನಾಚಿಕೆ ಆಯ್ತು. ನೀನು ಅವರನ್ನ ಹಾಗೆ ನೋಡಬಾರದು ಅಂತ ಇತ್ತು."

"ನಿನಗೆ?"

"ನನಗೆ ಬೇರೆ ತರದ ನಾಚಿಕೆ. ಕೆಟ್ಟದ್ದು."

ಸ್ವಲ್ಪ ಹೊತ್ತು ಕಾಲುಚೀಲದ ಜೋಡಿ ಹುಡುಕಿದಳು. ಆಮೇಲೆ ಹೇಳಿದಳು, "ರಜೆ ಮುಗಿದ ಮೇಲೆ ಟೀಚರ್ ಎಲ್ಲರ ಹತ್ರ ಹೇಳಿಸಿದ್ರು. ನಾನು ಎದ್ದು ನಿಂತು, ನಮ್ಮಜ್ಜನ ಹಾಗೇ ಇರೋ ಒಬ್ಬರನ್ನ ನೋಡಿದೆ, ಆದ್ರೆ ಅವರು ನಮ್ಮಜ್ಜ ಅಲ್ಲ ಅಂತ ಹೇಳ್ದೆ. ಎಲ್ಲರೂ ನಕ್ಕರು. ನಾನೂ ಸುಳ್ಳು ಹೇಳಿದ ಹಾಗಾಯ್ತಲ್ಲ."

ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ, ನಿಮ್ಮ ಭಾಷೆಯಲ್ಲಿ "ನಾನು ನಿಮ್ಮನ್ನು ನೋಡಿದೆ" ಎನ್ನುವುದು ಹೇಗೆ ಎಂದು ಕೇಳಿದಳು. ಹೇಳಿಕೊಟ್ಟೆ. ಅಷ್ಟು ಕೂಡ ನಾನು ಇಷ್ಟು ವರ್ಷ ಕಲಿಸಿರಲಿಲ್ಲ.

ಡಿಸೆಂಬರ್ ಇಪ್ಪತ್ತೊಂದಕ್ಕೆ ಹೆಲೆನ್ ಮತ್ತು ನಾನು ಬರುತ್ತೇವೆ. ವಿಮಾನದಿಂದ ಇಳಿದು ನೇರವಾಗಿ ಹಡಗಿಗೆ. ಕಟ್ಟೆಗೆ ಯಾರೂ ಬರುವುದು ಬೇಡ.

ನಿಮ್ಮ ಮಗಳು,
ಪೆಲೆನಿಸೆ


ಫಾಲೆಮೂಆ
27 ಡಿಸೆಂಬರ್ 1987, ಭಾನುವಾರ ಮಧ್ಯಾಹ್ನ

ಗ್ರೇಮ್,

ನಿನ್ನ ಅಮ್ಮನ ಸೊಂಟದ ನೋವು ಇಳಿದಿದೆಯೇ? ಅವರನ್ನು ಒಬ್ಬರೇ ಮೆಟ್ಟಿಲು ಇಳಿಯಲು ಬಿಡಬೇಡ. ಹೆಲೆನ್ ಚೆನ್ನಾಗಿದ್ದಾಳೆ. ಬಂದ ದಿನವೇ ತನ್ನ ಆ ಒಂದು ವಾಕ್ಯವನ್ನು ಅಜ್ಜನಿಗೆ ಹೇಳಿ ಮುಗಿಸಿದಳು. ಅಪ್ಪ ಎದ್ದು ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದರು. ಅಂದಿನಿಂದ ಇಬ್ಬರೂ ತೋಟಕ್ಕೆ ಒಟ್ಟಿಗೆ ಹೋಗುತ್ತಾರೆ. ಏನು ಮಾತನಾಡುತ್ತಾರೋ, ಯಾವ ಭಾಷೆಯಲ್ಲೋ ನನಗೆ ಗೊತ್ತಿಲ್ಲ.

ನನ್ನೊಡನೆ ಮಾತ್ರ ಬೇಕಾದಷ್ಟೇ ಮಾತು. ಉಪ್ಪು ಕೊಡು, ಮಳೆ ಬರುತ್ತೆ, ಅಷ್ಟೇ. ಹೋಟೆಲಿನವನು ಈ ವರ್ಷವೂ ಕರೆಸಿದ್ದನಂತೆ. ಕೋಟು ಹಾಕಿಕೊಂಡೇ ಹಾಡುತ್ತೇವೆ ಎಂದು ಮೇಷ್ಟ್ರು ಹೇಳಿ ಕಳಿಸಿದರಂತೆ, ಮತ್ತೆ ಸುದ್ದಿಯಿಲ್ಲ.

ಇವತ್ತು ಬೆಳಿಗ್ಗೆ ಸಭೆಯಲ್ಲಿ ಹೊಸ ಹಿರಿಯರು ಹೊರಗಿನಿಂದ ಬಂದವರ ಹೆಸರು ಓದಿದರು. ನನ್ನ ಹೆಸರು ಬಂದಾಗ ಎದ್ದು ನಿಂತೆ. ತಲೆಬಾಗಿಸಿ ಕೂತಿದ್ದರೆ ಮುಗಿಯುತ್ತಿತ್ತು. ಅಪ್ಪ ಸಭೆಯಲ್ಲಿ ಏನೂ ಹೇಳಬೇಡ ಎಂದು ಬರೆದಿದ್ದರು, ನಾನೂ ಹೇಳಬಾರದೆಂದೇ ಹೋಗಿದ್ದೆ. ಆದರೆ ಹಿಂದಿನ ಬೆಂಚಿನಲ್ಲಿ ಅವರ ನರೆತಲೆ ಕಂಡಿತು.

"ಹೋದ ವರ್ಷ ನಾನು ಇಪ್ಪತ್ತೇಳಕ್ಕೆ ಬಂದೆ ಅಂತ ಇಲ್ಲಿ ಓದಿದ್ರು. ನಾನು ಇಪ್ಪತ್ತಕ್ಕೆ ಬಂದಿದ್ದೆ. ಸುಳ್ಳು ನನ್ನದು, ನಮ್ಮಪ್ಪನದಲ್ಲ" ಎಂದೆ.

ಪಾದ್ರಿಯವರು "ಕೂತ್ಕೋ ಮಗಳೇ" ಎಂದು ಕೀರ್ತನೆಯ ನಂಬರು ಹೇಳಿದರು. ಪಕ್ಕದಲ್ಲಿದ್ದ ರೂತಾ ನನ್ನ ತೊಡೆಯನ್ನು ಜೋರಾಗಿ ಚಿವುಟಿದಳು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಸಭೆ ಬಿಟ್ಟ ಮೇಲೆ ಅಪ್ಪ ಯಾರಿಗೂ ಕಾಯದೆ ಒಬ್ಬರೇ ಮುಂದೆ ನಡೆದುಹೋದರು. ಪಾದ್ರಿಯವರು ಹಿಂದಿನಿಂದ ಹೋಗಿ ಹಿರಿಯನ ಜಾಗಕ್ಕೆ ಮತ್ತೆ ಬನ್ನಿ ಎಂದರಂತೆ. ಇಲ್ಲ ಎಂದರಂತೆ.

ಊಟದ ಹೊತ್ತಿಗೆ ಗಾಯನ ತಂಡದ ಹತ್ತಿಪ್ಪತ್ತು ಜನ ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದರು. ಯಾರನ್ನೂ ಕರೆದಿರಲಿಲ್ಲ. ಮುದುಕಿ ತಿರೇಸಾ, ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ್ದನ್ನು ಒಂದು ಪಾತ್ರೆ ತುಂಬ ತಂದು ನನ್ನ ಎದುರಿಗೆ ಕುಕ್ಕರಿಸಿ ಕೂತಳು. ಇನ್ನು ಬೈಯುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ.

"ಒಂದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದೀನಿ," ಎಂದಳು. "ಇವತ್ತು ನೀನೇ ಬಾಯಿ ಬಿಟ್ಟೆ, ಅದಕ್ಕೆ ಕೇಳ್ತೀನಿ. ಅವತ್ತು ನಮಗೆ ಅಡುಗೆಮನೆ ಹಿಂದೆ ಕೂರಿಸಿ ಬ್ರೆಡ್ಡು, ಡಬ್ಬಿ ಮೀನು ಕೊಟ್ರು. ಒಳಗಿಂದ ಏನೋ ವಾಸನೆ, ಪ್ರಾಣ ಹೋಗೋ ಹಂಗೆ. ಏನದು? ನೀನು ಏನೇನು ತಿಂದೆ, ಹೇಳು."

ನಾನು ನೆಲ ನೋಡುತ್ತಲೇ ಹೇಳಿದೆ. ಸೀಗಡಿ. "ಹೆಂಗೆ ಮಾಡಿದ್ರು?" ಬೆಳ್ಳುಳ್ಳಿ ಹಾಕಿ ಬೆಣ್ಣೆಯಲ್ಲಿ. "ಅದೇ ವಾಸನೆ," ಎಂದು ತಿರೇಸಾ ಪಕ್ಕದವಳ ಬೆನ್ನಿಗೆ ಬಡಿದಳು, "ನಾನು ಹೇಳ್ಲಿಲ್ವಾ ಬೆಣ್ಣೆ ಅಂತ?" ಹಂದಿಮಾಂಸದ ಜೊತೆ ಅನಾನಸು. "ಅದು ಯಾರ ಬುದ್ಧಿ?" ಕೊನೆಗೆ ಐಸ್‌ಕ್ರೀಮು, ತೆಂಗಿನ ಚಿಪ್ಪಿನಲ್ಲಿ.

"ಚಿಪ್ಪಲ್ಲಿ? ನಾವು ಹಂದಿಗೆ ಹಾಕೋ ಚಿಪ್ಪಲ್ಲಾ?"

ಮನೆಯೆಲ್ಲ ನಕ್ಕಿತು. ರೂತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನ್ನ ಕಿವಿ ಸುಡುತ್ತಿತ್ತು, ಗ್ರೇಮ್. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು. ಅವರು ನಕ್ಕಿರಲಿಲ್ಲ. ಎಲ್ಲ ಸುಮ್ಮನಾದ ಮೇಲೆ ನನ್ನನ್ನು ಕೇಳಿದರು, "ಚೆನ್ನಾಗಿತ್ತಾ?"

"ಗಂಟಲಲ್ಲಿ ಇಳೀಲಿಲ್ಲಪ್ಪ. ರುಚಿ ನೆನಪಿಲ್ಲ."

"ನಾವು ಬಂದಿದ್ದು ಐಸ್‌ಕ್ರೀಮಿನ ಹೊತ್ತಿಗೆ. ಸೀಗಡಿ ತಿನ್ನುವಾಗ ನಿನಗೆ ನಾವು ಬರೋದು ಗೊತ್ತಿರ್ಲಿಲ್ಲ. ಸರಿಯಾಗಿ ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಲೆನ್ ಕೂಡ.

"ಚೆನ್ನಾಗಿತ್ತು," ಎಂದೆ. "ತುಂಬಾ ಚೆನ್ನಾಗಿತ್ತಪ್ಪ."

ಅಪ್ಪ ತಲೆಯಾಡಿಸಿದರು. "ಹೂಂ. ಹಾಗಾದ್ರೆ ನಿನ್ನ ಆ ವಾರ ಸುಮ್ಮನೆ ಹೋಗಲಿಲ್ಲ ಬಿಡು," ಎಂದು ತಿರೇಸಾಳ ಪಾತ್ರೆಯಿಂದ ಒಂದು ಎಲೆಕಟ್ಟು ತೆಗೆದು, ಬಿಚ್ಚಿ, ನನ್ನ ತಟ್ಟೆಗೆ ಹಾಕಿದರು.

ಈಗ ಉಂಡವರೆಲ್ಲ ಚಾಪೆಗಳ ಮೇಲೆ ಅಲ್ಲಲ್ಲೇ ಮಲಗಿದ್ದಾರೆ. ಯಾರೂ ಮನೆಗೆ ಹೋಗುವ ಹಾಗೆ ಕಾಣುವುದಿಲ್ಲ. ಅವರ ಮುಖ ನೇರವಾಗಿ ನೋಡಲು ನನಗೆ ಇನ್ನೂ ಆಗುತ್ತಿಲ್ಲ. ಆದರೂ ಅವರ ನಡುವೆಯೇ ಕೂತು ಇದನ್ನು ಬರೆಯುತ್ತಿದ್ದೇನೆ.

ಪೆಲೆನಿಸೆ